ಖಣಿಯ ನೀರಿನಲ್ಲಿ ಒಂದು ತಿರುವು

ನನ್ನ ಗೆಳೆಯ ಮಡಿವಾಳಯ್ಯ ಹೋದ ರವಿವಾರ ತೀರಿಕೊಂಡ. ಶಹಾಬಾದದ ಹಳೆಯ ಕಲ್ಲಿನ ಖಣಿಯಲ್ಲಿ ನಿಂತ ನೀರಿನ ಮೇಲೆ, ತಾನೇ ಕಟ್ಟಿದ ದೋಣಿಯಲ್ಲಿ, ಹೃದಯ ನಿಂತು. ದೋಣಿ ಮುಳುಗಿ ಸತ್ತನೆಂದು ಊರೆಲ್ಲ ಮಾತಾಡುತ್ತಿದೆ. ದೋಣಿ ಮುಳುಗಲಿಲ್ಲ. ಮುಳುಗಿದ್ದು ನನ್ನ ಮಾನ ಮಾತ್ರ, ಅದನ್ನೂ ಹೇಳಿಬಿಡುತ್ತೇನೆ.

ಅವನು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ. ರಾಜ್ಯದ ಹೆಸರು ಬದಲಾದ ವರ್ಷ ಮುಂಬಯಿಗೆ ಹೋದವನು ಅಲ್ಲಿ ಅವಳಿ ದೋಣಿ ನೋಡಿ ಬಂದ. ಉದ್ದನೆಯ ಎರಡು ಒಡಲು, ನಡುವೆ ಹಲಗೆ, ಮೇಲೆ ಹಾಯಿ. ಬಂದವನೇ ಎಣ್ಣೆ ಡ್ರಮ್ಮುಗಳನ್ನು ಸಾಲಾಗಿ ಬೆಸೆಸಿ ಅಂಗಳದ ತುಂಬ ಹರಡಿಕೊಂಡು ಕೂತ. ಒಡಲಿಗೊಂದು ಚುಕ್ಕಾಣಿ, ಎರಡನ್ನೂ ತಿರುಗಿಸಲು ಒಂದೇ ಕೋಲು. ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದಿದ್ದರು. "ನೀರಿನ ಮ್ಯಾಲ ಮೆಟ್ಟಿಲು ಎಲ್ಲಿ ಅವೋ?" ಎಂಬುದು ಅವನ ವಾದ.

ಅವನ ಆಸೆ ಒಂದೇ: ಹೆಂಡತಿ ಗುರುದೇವಿಯನ್ನು ಅದರಲ್ಲಿ ಒಮ್ಮೆ ಕೂಡಿಸಬೇಕು. ಆದರೆ ದೋಣಿ ಗಾಳಿಯ ಜೊತೆ ಆಚೆ ಗೋಡೆಯವರೆಗೆ ರಾಜಗಾಂಭೀರ್ಯದಿಂದ ಹೋಗುತ್ತಿತ್ತು, ಹೊರಳಿ ಬರುತ್ತಿರಲಿಲ್ಲ. ಪ್ರತಿ ಸಲ ಕಲ್ಲು ತೆಗೆಯುವವರು ಹಗ್ಗ ಹಾಕಿ ಎಳೆಯಬೇಕಿತ್ತು.

"ಹಗ್ಗ ಇಲ್ಲದ ಒಂದ್ಸಲ ಹೊಳ್ಳಿ ಬರ್ರಿ, ಆಮ್ಯಾಲ ಕೂಡ್ತೀನಿ," ಎಂದಿದ್ದರು ಗುರುದೇವಿ. "ಊರ ಮುಂದ ನನ್ನೂ ಎಮ್ಮಿ ಹಂಗ ಜಗ್ಗಸ್ತೀರೇನು?"

ಆ ರವಿವಾರ ಅವನು ಹಾಯಿ ಹಿಡಿದ, ಕೋಲು ನನಗೆ ಕೊಟ್ಟ. ಹುಡುಗನಾಗಿದ್ದಾಗಲೇ ನಮ್ಮೂರು ಕೊಡ್ಲಿಯ ಹೊಲದಲ್ಲಿ ಜೋಡೆತ್ತಿನ ಗಾಡಿ ಹೊಡೆದ ಚಂದ್ರಾಮಪ್ಪ ನಾನು! ಜೀವವಿಲ್ಲದ ಒಂದು ಕೋಲು ನನ್ನ ಮಾತು ಕೇಳದೇ?

"ಗಾಳಿ ಬಲಕ್ಕದ. ಮೂತಿ ಗಾಳೀನ ದಾಟಿ ಆ ಕಡೆ ಹೊಳ್ಳಬೇಕು," ಎಂದ ಮಡಿವಾಳಯ್ಯ. "ಓಟ ಇದ್ದಾಗಲೇ ಕೋಲು ಎಡಕ್ಕ, ಹಾಯಿ ಇರೋ ಕಡೆ ದಬ್ಬು. ಸಣ್ಣಗ."

"ಬಲಕ್ಕ ಹೊಳ್ಳಲಿಕ್ಕ ಎಡಕ್ಕ ದಬ್ಬೋದೇನೋ?"

"ಹೂಂ ಮಾರಾಯಾ."

ತಲೆಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ. ಬಲಕ್ಕೆ ಎಂದೊಡನೆ ಕೈ ಎತ್ತಿನ ಹಗ್ಗ ಎಳೆದಂತೆ ಕೋಲನ್ನು ಬಲಕ್ಕೇ ಎಳೆಯಿತು. ದೋಣಿ ಎಡಕ್ಕೆ ತಿರುಗಿ ಕಲ್ಲಿನ ಗೋಡೆಯತ್ತ ನುಗ್ಗಿತು.

"ದಬ್ಬಲೇ! ಏನ್ ಮಾಡ್ಲಿಕತ್ತಿ?"

ದಬ್ಬಿದೆ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ. ಅಷ್ಟು ಅಡ್ಡವಾದ ಚುಕ್ಕಾಣಿಗಳು ಬ್ರೇಕಿನಂತೆ ನೀರನ್ನು ಹಿಡಿದವು. ಮೂತಿ ನೇರ ಗಾಳಿಗೆ ಎದುರಾಗಿ ದೋಣಿ ನಿಂತೇಬಿಟ್ಟಿತು. ಹಾಯಿ ಪಟಪಟ ಹೊಡೆದುಕೊಂಡಿತು. ಆಮೇಲೆ ನಾವು ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿದೆವು.

ದಂಡೆಯಿಂದ ಗುರುದೇವಿ ಕೂಗಿದರು: "ಅಣ್ಣಾರ, ನಿಮ್ಮೂರಾಗ ಎತ್ತು ಹಿಂದಕ್ಕ ನಡೀತಾವೇನ್ರಿ?"

ಗಾಬರಿಯಲ್ಲಿ ಕೈ ಮತ್ತೆ ತನ್ನ ಹಳೇ ಚಾಳಿಗೆ ಬಿದ್ದು ಕೋಲನ್ನು ಬಲಕ್ಕೆ ಎಳೆಯಿತು. ಮೂತಿ ಸಾವಕಾಶ ಬಲಕ್ಕೆ ತಿರುಗಿ ಗಾಳಿಯನ್ನು ದಾಟಿತು, ಹಾಯಿ ಉಬ್ಬಿತು! ಹಿಂದಕ್ಕೆ ಸರಿಯುವ ದೋಣಿಗೆ ಚುಕ್ಕಾಣಿ ತಿರುವುಮುರುವಾಗಿ ಕೆಲಸ ಮಾಡುತ್ತದಂತೆ. ಮಡಿವಾಳಯ್ಯ ಕಣ್ಣಲ್ಲಿ ನೀರು ಬರುವಂತೆ ನಕ್ಕ. "ತಪ್ಪು ಮಾಡೋದರಾಗೂ ನೀ ಪಕ್ಕಾ ಇದ್ದಿ ನೋಡು." ನಡುವೆ ಒಮ್ಮೆ ಎದೆ ಹಿಡಿದುಕೊಂಡ. ನಗುವಿಗೆ ಎಂದುಕೊಂಡೆ.

ಹಗ್ಗವಿಲ್ಲದೆ ದಂಡೆ ಮುಟ್ಟಿದೆವು. ನಾನು ಇಳಿದೆ, ಗುರುದೇವಿ ಸೆರಗು ಬಿಗಿದು ಹತ್ತಿದರು. ಅವರು ಎಂದೂ ಗಾಡಿ ಹೊಡೆದವರಲ್ಲ. ಮರೆಯಬೇಕಾದ್ದು ಏನೂ ಇರಲಿಲ್ಲ. ಗಂಡ ಹೇಳಿದಂತೆ ಕೋಲನ್ನು ಸಣ್ಣಗೆ ದಬ್ಬಿದರು. ದೋಣಿ ಒಂದೇ ಸಲಕ್ಕೆ, ಸದ್ದಿಲ್ಲದೆ ಹೊರಳಿತು.

"ಅಣ್ಣಾರ, ಇಷ್ಟಕ್ಕ ನೀವು ಹಂಗ ಬೆವತಿದ್ರೇನು?" ಎಂದು ನೀರಿನ ನಡುವಿನಿಂದ ಕೇಳಿದರು. ದಂಡೆಯ ಮೇಲೆ ನಿಂತ ನಾನು ಮುಖ ಒರೆಸಿಕೊಂಡೆ.

ದೋಣಿಯನ್ನು ದಂಡೆಗೆ ತಂದವರು ಅವರೇ. ಭುಜಕ್ಕೆ ಒರಗಿದ ಗಂಡ ನಿದ್ದೆ ಹೋಗಿದ್ದಾನೆ ಎಂದುಕೊಂಡು, ಎಚ್ಚರವಾಗದಂತೆ, ನಿಧಾನವಾಗಿ ತಂದರು.

ಅದಕ್ಕೂ ಮುಂಚೆ, ಗುರುದೇವಿ ದೋಣಿ ಹೊರಳಿಸಿದ ಆ ತಿರುವಿನಲ್ಲಿ, ಹಾಯಿಯ ಕೆಳಗಿನ ಬಿದಿರು ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿ ಬರುವ ಹೊತ್ತಿಗೆ, ಅವನು ಅವರ ತಲೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಬಗ್ಗಿಸಿದ. ಬಿದಿರು ಅವನ ಕೈಯ ಮೇಲೆ ಸವರಿಕೊಂಡು ದಾಟಿತು. ಅವರನ್ನು ಮೊದಲು ಆಚೆ ಬದಿಗೆ ಕಳಿಸಿ, ಆಮೇಲೆ ತಾನು ಸರಿದು ಪಕ್ಕದಲ್ಲಿ ಕುಳಿತ.