ದುರುಗವ್ವನ ಏಳು ಗಂಟೆ ಅಪಾಯಿಂಟ್‌ಮೆಂಟ್

ಕಂಪ್ಲಿಯ ಶ್ರೀ ಹುಲಿಗೆಮ್ಮ ಹಿಟ್ಟಿನ ಗಿರಣಿಗೆ ಸ್ವಂತ ವೆಬ್‌ಸೈಟ್ ಇದೆ. ಬಾಗಿಲಿಗೆ ಚಿಲಕ ಇಲ್ಲ. ಚಿಲಕ ಮುರಿದು ಮೂರು ವರ್ಷವಾಯಿತು, ವೆಬ್‌ಸೈಟ್ ಬಂದು ಐದು ತಿಂಗಳು. ಎರಡೂ ಸಂಗತಿ ಕಡತದಲ್ಲಿ ದಾಖಲಾಗಿವೆ. ಮೊದಲನೆಯದು ಕೊರತೆ ಎಂದು, ಎರಡನೆಯದು ಸಾಧನೆ ಎಂದು.

ಗಿರಣಿ ಗಾದಿಲಿಂಗಪ್ಪನದು. ಅರವತ್ತರ ಹತ್ತಿರದ ಆಳು, ಓದಿದ್ದು ನಾಲ್ಕನೇ ಕ್ಲಾಸು. ಮಾತು ಕಡಿಮೆ. ಮೋಟರಿನ ಪಕ್ಕ ಮೂವತ್ತೊಂದು ವರ್ಷ ನಿಂತವನು. ಏನು ಹೇಳಿದರೂ ಎದುರಿನವರು "ಏನಂದಿ?" ಅನ್ನುತ್ತಿದ್ದರು. ಕೊನೆಗೆ ಹೇಳುವುದನ್ನೇ ಬಿಟ್ಟ.

ಗಿರಣಿಯ ಪದ್ಧತಿ ಹೀಗಿತ್ತು. ಜನ ಕಾಳು ತುಂಬಿದ ಡಬ್ಬಿ ತಂದು ಸಾಲಿನಲ್ಲಿ ಇಟ್ಟು ಮನೆಗೆ ಹೋಗುತ್ತಿದ್ದರು. ಡಬ್ಬಿಗಳು ನಿಲ್ಲುತ್ತಿದ್ದವು. ಡಬ್ಬಿಗಳು ಜಗಳ ಆಡುವುದಿಲ್ಲ, ನುಗ್ಗುವುದಿಲ್ಲ, ಚಹಾ ಕೇಳುವುದಿಲ್ಲ. ಮಧ್ಯಾಹ್ನ ಯಾರೋ ಬಂದು ತಮ್ಮ ಹಿಟ್ಟು ಹೊತ್ತುಕೊಂಡು ಹೋಗುತ್ತಿದ್ದರು.

ಗಿರಣಿಗೆ ಇರುವುದು ಒಂದೇ ಜೋಡಿ ಕಲ್ಲು. ಹಗಲೆಲ್ಲ ಜೋಳ, ಗೋಧಿ, ಅಕ್ಕಿ. ಸಂಜೆ ಕೊನೆಗೆ ಒಣಮೆಣಸಿನಕಾಯಿ. ಎಷ್ಟು ಗುಡಿಸಿದರೂ ಕಲ್ಲಿನ ಸಂದಿಯಲ್ಲಿ ಖಾರ ಉಳಿಯುತ್ತದೆ. ಬೆಳಿಗ್ಗೆ ಮೊದಲು ಬಿದ್ದ ಕಾಳು ಆ ಖಾರವನ್ನು ಹೊತ್ತುಕೊಂಡು ಹೊರಗೆ ಬರುತ್ತದೆ. ಹೀಗಾಗಿ ಮೊದಲ ಹಿಟ್ಟು ಊರಲ್ಲಿ ಯಾರಿಗೂ ಬೇಡ.

ಅದನ್ನು ಗಾದಿಲಿಂಗಪ್ಪನ ಹೆಂಡತಿ ದುರುಗವ್ವ ತೆಗೆದುಕೊಳ್ಳುತ್ತಿದ್ದಳು. ಕಿವಿಗೆ ತಂತಿ ಕಟ್ಟಿದ ಹಳೇ ಎಣ್ಣೆ ಡಬ್ಬಿ ಆಕೆಯದು. ದಿನಾ ಎರಡು ಸೇರು ಜೋಳ, ಸಾಲಿನಲ್ಲಿ ಮೊದಲು. ಆ ಹಿಟ್ಟಿನಲ್ಲಿ ತನಗೆ ರೊಟ್ಟಿ ಬಡಿದುಕೊಳ್ಳುತ್ತಿದ್ದಳು. ಗಂಡನಿಗೆ ಬೇರೆ ಹಿಟ್ಟು.

ಹೋದ ಕಾರ್ತಿಕದಲ್ಲಿ ದುರುಗವ್ವ ತೀರಿಕೊಂಡಳು. ಗಾದಿಲಿಂಗಪ್ಪ ಡಬ್ಬಿ ತೆಗೆಯಲಿಲ್ಲ. ದಿನಾ ಎರಡು ಸೇರು ತುಂಬಿ ಮೊದಲು ಇಟ್ಟ. ಮೊದಲು ಸುರಿದ. ತಾನೇ ರೊಟ್ಟಿ ಮಾಡಿ ತಿಂದ. ಆಕೆಯ ಮೊಬೈಲಿಗೆ ತಿಂಗಳಿಗೊಮ್ಮೆ ಕರೆನ್ಸಿ ಹಾಕಿಸಿದ. ಆ ನಂಬರಿಗೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಇವನೂ ಮಾಡುತ್ತಿರಲಿಲ್ಲ.

ಇಂಥ ಸ್ಥಿತಿಯಲ್ಲಿ 'ಅಂಗಡಿಯಿಂದ ಅಂತರ್ಜಾಲಕ್ಕೆ' ಅಭಿಯಾನ ಕಂಪ್ಲಿಗೆ ಬಂತು.

ಅಭಿಯಾನದ ಸಮನ್ವಯಾಧಿಕಾರಿ ಹೊನ್ನೂರಸ್ವಾಮಿಯವರು. ಮಾರ್ಚ್ ಮೂವತ್ತೊಂದರೊಳಗೆ ನಲವತ್ತು ಅಂಗಡಿ ಆಗಬೇಕಿತ್ತು, ಮೂವತ್ತೊಂಬತ್ತು ಆಗಿದ್ದವು. ಅವರು ಗಿರಣಿಯೊಳಗೆ ಬಂದು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕೇಳಿದರು.

"ನಿಮ್ಮ ಗ್ರಾಹಕರು ಎಲ್ರಿ?"

"ಮನ್ಯಾಗ."

"ಮತ್ತ ಸರದಿಯೊಳಗ ಯಾರು ನಿಂತಾರ?"

"ಡಬ್ಬಿ."

ಹೊನ್ನೂರಸ್ವಾಮಿಯವರು ಬರೆದುಕೊಂಡರು: 'ಸ್ಥಳ ಪರಿಶೀಲನೆಯ ಕಾಲದಲ್ಲಿ ಗುರುತಿನ ಚೀಟಿ ಇಲ್ಲದ ಹನ್ನೊಂದು ಡಬ್ಬಿಗಳು ಕಂಡುಬಂದವು.'

ವಾರದೊಳಗೆ ಭವ್ಯ ಬಂದಳು. ಹೊಸಪೇಟೆಯ ಹುಡುಗಿ, ವೆಬ್‌ಸೈಟ್ ಮಾಡುವವಳು. ಕಂಪ್ಲಿ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಗೋಧಿ ಚೀಲದ ಮೇಲೆ ಕೂತು, ಲ್ಯಾಪ್‌ಟಾಪ್ ತೆರೆದು, ಒಂದು ತಾಸಿನಲ್ಲಿ ಅಪಾಯಿಂಟ್‌ಮೆಂಟ್ ಫಾರಂ ಕೂಡಿಸಿದಳು. ಖರ್ಚಿನಲ್ಲಿ ಅರ್ಧ ಅಭಿಯಾನದ್ದು, ಅರ್ಧ ಮಾಲೀಕನದು, ಉಳಿದ ಅರ್ಧ ಹೊನ್ನೂರಸ್ವಾಮಿಯವರದು.

ಫಾರಂ ಹಲ್ಲಿನ ದವಾಖಾನೆಯದಾಗಿತ್ತು.

"ಅಂಕಲ್, ಮಂಜೂರಾಗಿರೋದು ಇದೊಂದೇ ಫಾರಂ. ಬದಲಿ ಮಾಡಬೇಕಂದ್ರ ಹೊಸಾ ಕಡತ ಎಬ್ಬಿಸಬೇಕಂತ," ಅಂದಳು ಭವ್ಯ. "ಹೆಸರಷ್ಟೇ ಗಿರಣಿ ಅಂತ ಮಾಡೀನಿ."

"ಇರ್ಲಿ ಬಿಡವ್ವ," ಅಂದ ಗಾದಿಲಿಂಗಪ್ಪ.

ಮರುದಿನ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು. ಇನ್ನು ಮುಂದೆ ಡಬ್ಬಿಗಳು ಸ್ವತಂತ್ರವಾಗಿ ನಿಲ್ಲುವಂತಿಲ್ಲ. ಆನ್‌ಲೈನ್ ಅಪಾಯಿಂಟ್‌ಮೆಂಟ್ ಇಲ್ಲದ ಯಾವುದೇ ಕಾಳನ್ನು ಬೀಸತಕ್ಕದ್ದಲ್ಲ. ಬೀಸಿದಲ್ಲಿ ಗಿರಣಿಯ ಲೈಸೆನ್ಸ್ ರದ್ದಾಗುವುದು. ಒಬ್ಬರಿಗೆ ಹದಿನೈದು ನಿಮಿಷ. ಮೊದಲ ಸರದಿ ಬೆಳಿಗ್ಗೆ ಏಳಕ್ಕೆ.

ಎದುರು ಮನೆಯ ಚೆನ್ನಬಸಮ್ಮ ಅದನ್ನು ಓದಿಸಿಕೊಂಡು ಕೇಳಿ, ಫಾರಂ ತುಂಬಿಸಿ, ಗಿರಣಿಗೆ ಬಂದಳು. ಮೂವತ್ತು ವರ್ಷದ ಗಿರಾಕಿ ಆಕೆ. ಆಕೆಯ ಬಾಯಿಯ ಮುಂದೆ ಗಾದಿಲಿಂಗಪ್ಪನ ಮೋಟರು ಮೆತ್ತಗೆ.

"ನಮ್ಮ ಮೊಮ್ಮಗಳು ಫೋನಿನ್ಯಾಗ ತುಂಬಿದ್ಲು, ಗಾದಿಲಿಂಗಣ್ಣ. ಸಮಸ್ಯೆ ಏನು ಅಂತ ಕೇಳ್ತು. ಜೋಳ ನಾಕು ಸೇರು ಅಂತ ಹಾಕಿಸಿದೆ. ಎಷ್ಟು ದಿನದಿಂದ ಐತಿ ಅಂತು. ಯುಗಾದಿಯಿಂದ ಐತಿ, ಹುಳ ಬಿದ್ದಿಲ್ಲ ಅಂತ ಹಾಕಿಸಿದೆ. ಹಲ್ಲು ಅಲಗ್ಯಾಡತಾವೇನು ಅಂತು."

"ಏನ್ ಹಾಕ್ಸಿದಿ?"

"ಎರಡು ಅಂತ. ಸುಳ್ಳು ಯಾಕ ಹೇಳ್ಲಿ? ಸರಕಾರದ ಕೆಲಸ."

ತಕ್ಷಣ ಆಕೆಗೆ ಸಂದೇಶ ಬಂದಿತ್ತು. 'ತಮ್ಮ ಅಪಾಯಿಂಟ್‌ಮೆಂಟ್ ಖಚಿತವಾಗಿದೆ. ಬರುವ ಮುನ್ನ ಹಲ್ಲುಜ್ಜಿಕೊಂಡು ಬನ್ನಿ.' ಇದು ಎಲ್ಲರಿಗೂ ಬಂತು. ಎಲ್ಲರೂ ಹಲ್ಲುಜ್ಜಿಕೊಂಡೇ ಬಂದರು. ಗಿರಣಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ.

ತೊಂದರೆ ಆದದ್ದು ಏಳು ಗಂಟೆಯ ಸರದಿಗೆ. ಕಂಪ್ಲಿಯ ಜನಕ್ಕೆ ಖಾರದ ವಿಷಯ ಗೊತ್ತಿತ್ತು, ಯಾರೂ ಅದನ್ನು ಮುಟ್ಟಲಿಲ್ಲ. ಹೊನ್ನೂರಸ್ವಾಮಿಯವರಿಗೆ ಗೊತ್ತಿರಲಿಲ್ಲ. ತಾಲ್ಲೂಕಿನ ಮೊಟ್ಟಮೊದಲ ಡಿಜಿಟಲ್ ಗಿರಣಿಯ ಮೊಟ್ಟಮೊದಲ ಸರದಿ ಖಾಲಿ ಇರುವುದನ್ನು ನೋಡಿ, ಹುದ್ದೆಯ ಗೌರವಾರ್ಥ ಅದನ್ನು ಒಂದು ವರ್ಷದ ಮಟ್ಟಿಗೆ ತಮ್ಮ ಹೆಸರಿಗೆ ಕಾಯ್ದಿರಿಸಿಕೊಂಡರು.

ಮೊದಲ ದಿನ ಆರೂಮುಕ್ಕಾಲಿಗೇ ಗೋಧಿ ಚೀಲದೊಂದಿಗೆ ಬಂದು ನಿಂತರು. ಸಾಲಿನ ಮುಂದೆ ತಂತಿಯ ಡಬ್ಬಿ ಇತ್ತು.

"ಇದು ಯಾರದು?"

"ನಮ್ಮಾಕೀದು."

"ಎಲ್ಲದಾರ ಅವರು?"

ಗಾದಿಲಿಂಗಪ್ಪ ಕಲ್ಲಿನ ಕಡೆ ನೋಡಿದ. ಚೆನ್ನಬಸಮ್ಮ ಹೇಳಿದಳು: "ತೀರಿಕೊಂಡಾಳ್ರಿ ಸಾಹೇಬ್ರ."

ಹೊನ್ನೂರಸ್ವಾಮಿಯವರು ಟೋಪಿ ಇದ್ದಿದ್ದರೆ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತು ತಲೆ ಬಗ್ಗಿಸಿ ನಿಂತರು. ಆಮೇಲೆ, ಅಪಾಯಿಂಟ್‌ಮೆಂಟ್ ಐತೇನು ಅಂದರು. ಇಲ್ಲ ಎಂದ ಮೇಲೆ ಡಬ್ಬಿಯನ್ನು ಅನಧಿಕೃತ ಎಂದು ಬರೆದು, ಮೂಲೆಯಲ್ಲಿ ಇಡಿಸಿ, ಮೇಲೆ ಚೀಟಿ ಅಂಟಿಸಿದರು.

"ಸಾಹೇಬ್ರ," ಅಂದ ಗಾದಿಲಿಂಗಪ್ಪ, "ಮೊದಲ ಹಿಟ್ಟು ನಿಮಗ ಬ್ಯಾಡ."

"ಯಾಕ್ ಬ್ಯಾಡ? ಕಾನೂನು ಪ್ರಕಾರ ತೊಗೊಂಡೀನಿ."

ಗಾದಿಲಿಂಗಪ್ಪ ಎರಡನೇ ಸಲ ಹೇಳುವವನಲ್ಲ. ಮೋಟರು ಹಾಕಿದ.

ಆ ದಿನ ಗಾದಿಲಿಂಗಪ್ಪ ಅನ್ನ ಮಾಡಿಕೊಂಡ. ರೊಟ್ಟಿ ಮಾಡಲಿಲ್ಲ. ಎರಡನೇ ಹಿಟ್ಟು ಬೇಕಾದಷ್ಟಿತ್ತು. ಬೇಕಾದದ್ದು ಅದಲ್ಲ.

ಆ ಸಂಜೆ ಹೊನ್ನೂರಸ್ವಾಮಿಯವರ ಮನೆಯಲ್ಲಿ ಚಪಾತಿ ಆಯಿತು. ಮಕ್ಕಳು ನೀರು ಕುಡಿದರು. ಹೆಂಡತಿ ಸೀನಿದರು. ಮನೆಗೆ ಬಂದಿದ್ದ ಮೇಲಧಿಕಾರಿಯೊಬ್ಬರು ಕಣ್ಣೊರೆಸಿಕೊಂಡು, "ಈ ಊರ ಗೋಧಿ ಭಾಳ ಖಡಕ್ ಇರ್ತೈತಿ ಅನ್ರಿ," ಅಂದರು.

ವಿಚಾರಣೆ ನಡೆಯಿತು. ಏಳು ಗಂಟೆಯ ಸರದಿಯಲ್ಲಿ ಖಾರದ ಅಂಶ ಇರುವುದು ದೃಢಪಟ್ಟಿತು. ಸುತ್ತೋಲೆ ಬಂತು: 'ಸಾರ್ವಜನಿಕರ ಹಿತದೃಷ್ಟಿಯಿಂದ ಮೊದಲ ಸರದಿಯನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಬೀಸುವ ಕೆಲಸವನ್ನು ಎರಡನೇ ಸರದಿಯಿಂದ ಆರಂಭಿಸತಕ್ಕದ್ದು.'

ಮರುದಿನ ಏಳೂಕಾಲಿನ ಹಿಟ್ಟು ಖಾರವಾಯಿತು.

"ಮೊದಲ್ನೇದು ತೆಗದ್ರ ಎರಡ್ನೇದು ಮೊದಲ್ನೇದು ಆಗತೈತ್ರಿ, ಸಾಹೇಬ್ರ," ಅಂದಳು ಚೆನ್ನಬಸಮ್ಮ.

"ಅದು ನಿಮ್ಮ ಅಭಿಪ್ರಾಯ," ಅಂದರು ಹೊನ್ನೂರಸ್ವಾಮಿಯವರು. ಎರಡನೆಯದನ್ನೂ ರದ್ದುಪಡಿಸಿದರು.

ಖಾರ ಮೂರನೆಯದಕ್ಕೆ ಹೋಯಿತು. ಮೂರನೆಯದು ರದ್ದಾಯಿತು. ನಾಲ್ಕನೆಯದಕ್ಕೆ ಹೋಯಿತು. ಖಾರ ಸರದಿ ತಪ್ಪಿಸಲಿಲ್ಲ, ಅಭಿಯಾನವೂ ಧೈರ್ಯಗೆಡಲಿಲ್ಲ. ತಿಂಗಳು ಮುಗಿಯುವಷ್ಟರಲ್ಲಿ ಗಿರಣಿ ಮಧ್ಯಾಹ್ನ ಎರಡಕ್ಕೆ ಆರಂಭವಾಗುತ್ತಿತ್ತು. ಐದಕ್ಕೆ ಮೆಣಸಿನಕಾಯಿ. ನಡುವೆ ಮೂರು ತಾಸು. ಊರಿನ ಕಾಳೆಲ್ಲ ಆ ಮೂರು ತಾಸಿನಲ್ಲಿ ಹಿಟ್ಟಾಗಬೇಕಿತ್ತು. ಆಗಲಿಲ್ಲ. ಜನ ಅನ್ನ ತಿಂದರು. ಅನ್ನ ಉಣ್ಣುವವರ ಪ್ರಮಾಣ ಏರಿದ್ದನ್ನು ಅಭಿಯಾನದ ವರದಿಯಲ್ಲಿ 'ಜೀವನಮಟ್ಟದ ಸುಧಾರಣೆ' ಎಂದು ತೋರಿಸಲಾಯಿತು.

ಡಬ್ಬಿ ಮೂಲೆಯಲ್ಲೇ ಇತ್ತು. ಚೀಟಿಯ ಮೇಲೆ ಹಿಟ್ಟಿನ ಧೂಳು ಕೂತಿತ್ತು. ಗಾದಿಲಿಂಗಪ್ಪ ದಿನಾ ಬೆಳಿಗ್ಗೆ ಏಳಕ್ಕೇ ಬಂದು, ಚಿಲಕವಿಲ್ಲದ ಬಾಗಿಲು ತಳ್ಳಿ, ಎರಡರವರೆಗೆ ಅದರ ಎದುರು ಕೂರುತ್ತಿದ್ದ. ಡಬ್ಬಿಯ ಧೂಳು ಒರೆಸುತ್ತಿದ್ದ. ಚೀಟಿಯನ್ನು ಮುಟ್ಟುತ್ತಿರಲಿಲ್ಲ. ಲೈಸೆನ್ಸಿನ ಭಯ.

ಒಂದು ದಿನ ರದ್ದಾದ ಸರದಿಯನ್ನು ಫಾರಂನಿಂದ ತೆಗೆಯಲು ಭವ್ಯ ಮತ್ತೆ ಬಂದಳು. ಕೂತವನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ವಿಷಯವನ್ನು ಚೆನ್ನಬಸಮ್ಮ ಹೇಳಿದಳು. ಯಾರೂ ಕೇಳಿರಲಿಲ್ಲ.

"ಅಂಕಲ್, ಆಂಟಿ ನಂಬರ್ ಚಾಲೂ ಐತೇನು?"

"ಐತಿ."

"ಮತ್ತ ಏಳು ಗಂಟೆದು ಆಂಟಿ ಹೆಸರ್ಲೇ ತೊಗೊಳ್ರಿ."

ಭವ್ಯ ಏಳು ಗಂಟೆಯನ್ನು ತೆರೆದು ಫಾರಂ ತುಂಬಿದಳು. ಹೆಸರು: ದುರುಗವ್ವ. ಸಮಸ್ಯೆ: ಜೋಳ, ಎರಡು ಸೇರು. ಎಷ್ಟು ದಿನದಿಂದ: ಮೂವತ್ತೊಂದು ವರ್ಷ. ಹಲ್ಲು ಅಲುಗಾಡುತ್ತವೆಯೇ: ಇಲ್ಲ. ಜೊತೆಗೆ ಬರುವವರು: ಗಂಡ. ಅರ್ಜಿದಾರರು ಬದುಕಿದ್ದಾರೆಯೇ ಎಂದು ಫಾರಂ ಎಲ್ಲಿಯೂ ಕೇಳಲಿಲ್ಲ. ಗಲ್ಲಾದಲ್ಲಿದ್ದ ಹಳೇ ಮೊಬೈಲು ಆರು ತಿಂಗಳ ಮೇಲೆ ಮೊದಲ ಸಲ ಗುಂಯ್ ಅಂದಿತು. ಒಟಿಪಿ ಬಂದಿತ್ತು.

ಗಾದಿಲಿಂಗಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಂಬರನ್ನು ಒಂದೊಂದಾಗಿ ಓದಿ ಹೇಳಿದ.

ಪ್ರಕರಣ ಹೊನ್ನೂರಸ್ವಾಮಿಯವರ ಮುಂದೆ ಹೋಯಿತು. ಅವರು ಎರಡು ದಿನ ಓದಿದರು. ಅವರ ಮನೆಯಲ್ಲೂ ಒಂದು ತಿಂಗಳಿಂದ ಅನ್ನವೇ ಆಗಿತ್ತು. ಟಿಪ್ಪಣಿ ಬರೆದರು: 'ಅರ್ಜಿದಾರರು ಜೀವಂತ ಇರಬೇಕೆಂಬ ನಿಯಮ ಕಂಡುಬರುವುದಿಲ್ಲ. ಆದ್ದರಿಂದ ಅದು ಅವರ ಖಾಸಗಿ ವಿಷಯ. ಅರ್ಜಿದಾರರು ಮಾತನಾಡಲು ಶಕ್ತರಿಲ್ಲದಿದ್ದಲ್ಲಿ ಜೊತೆಗೆ ಬಂದವರು ಹಾಜರಿದ್ದರೆ ಸಾಕು. ಮೊದಲ ಸರದಿಯನ್ನು ಶ್ರೀಮತಿ ದುರುಗವ್ವ ಇವರಿಗೆ ಕಾಯಂ ಆಗಿ ನೀಡಲಾಗಿದೆ. ಅನಧಿಕೃತ ಡಬ್ಬಿಯನ್ನು ಸಕ್ರಮಗೊಳಿಸಲಾಗಿದೆ.'

ಗಿರಣಿ ಮತ್ತೆ ಏಳಕ್ಕೆ ಶುರುವಾಯಿತು. ಏಳೂಕಾಲಿನ ಹಿಟ್ಟು ಬೆಳ್ಳಗೆ ಬಂತು. ಊರು ರೊಟ್ಟಿ ತಿಂದಿತು. ಎಲ್ಲರೂ ಹಲ್ಲುಜ್ಜುವುದನ್ನು ಮುಂದುವರಿಸಿದರು.

ವಾರದ ಮೇಲೆ ದುರುಗವ್ವನ ಮೊಬೈಲಿಗೆ ಇನ್ನೊಂದು ಸಂದೇಶ ಬಂತು. 'ಪ್ರಿಯ ದುರುಗವ್ವ, ನಮ್ಮ ಸೇವೆ ತಮಗೆ ತೃಪ್ತಿ ತಂದಿತೇ? ಒಂದರಿಂದ ಐದರೊಳಗೆ ಅಂಕ ಕಳುಹಿಸಿ.'

ಗಾದಿಲಿಂಗಪ್ಪ ಐದು ಒತ್ತಲು ಹೋದ.

"ಸುಳ್ಳು ಒತ್ತಬ್ಯಾಡ," ಅಂದಳು ಚೆನ್ನಬಸಮ್ಮ. "ದುರುಗವ್ವ ಯಾರಿಗರ ಐದು ಕೊಟ್ಟಾಕಿ ಏನು? ನನ್ನ ಮಗಳ ಮದುವಿ ಊಟಕ್ಕ ಉಪ್ಪು ಕಮ್ಮಿ ಅಂದಾಕಿ."

ಅದು ನಿಜ. ಹಿಟ್ಟು ದಪ್ಪ ಬರತೈತಿ, ಕಲ್ಲಿಗೆ ಉಳಿ ಹೊಡಸು ಅಂತ ಆಕೆ ಹತ್ತು ವರ್ಷ ಹೇಳಿದ್ದಳು. ಇವನು ಹೊಡೆಸಿರಲಿಲ್ಲ. ಗಾದಿಲಿಂಗಪ್ಪ ಯೋಚಿಸಿ ಎರಡು ಒತ್ತಿದ.

ಮೂರಕ್ಕಿಂತ ಕಡಿಮೆ ಬಂದರೆ ನೋಟಿಸು. ಅದು ಸಂಜೆಗೇ ಬಂತು. 'ಗ್ರಾಹಕಿ ಶ್ರೀಮತಿ ದುರುಗವ್ವ ಇವರು ತಮ್ಮ ಸೇವೆಯಿಂದ ಅತೃಪ್ತರಾಗಿದ್ದಾರೆ. ಏಳು ದಿನದೊಳಗೆ ಅವರಿಗೆ ಲಿಖಿತ ಕ್ಷಮಾಪಣೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಏಳು ಗಂಟೆಯ ಸರದಿಯನ್ನು ಹಿಂಪಡೆಯಲಾಗುವುದು. ಕ್ಷಮಾಪಣೆಯನ್ನು ಮಾಲೀಕರೇ ಸ್ವತಃ ಬರೆಯತಕ್ಕದ್ದು.'

ಭವ್ಯ ಬಂದಳು. ಫಾರಂ ತೆರೆದು ತನ್ನ ಫೋನನ್ನು ಅವನ ಕೈಗೆ ಕೊಟ್ಟಳು. ಗಾದಿಲಿಂಗಪ್ಪ ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ಬರೆದ.

'ತಪ್ಪಾತು.'

ಫಾರಂ ಒಪ್ಪಲಿಲ್ಲ. ಕೆಂಪಗಾಯಿತು.

"ಏನಂತದು?"

"ಕಡಿಮಿ ಅಂದ್ರ ಇಪ್ಪತ್ತು ಪದ ಬೇಕಂತ, ಅಂಕಲ್."

"ಇಪ್ಪತ್ತು?"

"ಇಪ್ಪತ್ತು."

ಮೂವತ್ತೊಂದು ವರ್ಷದಲ್ಲಿ ಒಂದೇ ಸಲಕ್ಕೆ ಇಪ್ಪತ್ತು ಮಾತು ಅವನು ಹೆಂಡತಿಗೆ ಹೇಳಿದ್ದಿಲ್ಲ. ಆಕೆ ಕೇಳಿದ್ದೂ ಇಲ್ಲ. ನಿಯಮ ಕೇಳಿತು. ಗಾದಿಲಿಂಗಪ್ಪ ಮೋಟರು ನಿಲ್ಲಿಸಿದ. ಸಾಲಿನಲ್ಲಿದ್ದವರು ಕಾದರು. ಒಬ್ಬರ ಹದಿನೈದು ನಿಮಿಷ ಹೋಯಿತು, ಇನ್ನೊಬ್ಬರದೂ ಹೋಯಿತು. ಯಾರೂ ತಕರಾರು ಮಾಡಲಿಲ್ಲ. ಚೆನ್ನಬಸಮ್ಮ ಕೂಡ ಸುಮ್ಮನಿದ್ದಳು. ಅದು ದಾಖಲೆಗೆ ಯೋಗ್ಯವಾದ ಸಂಗತಿ. ಯಾರೂ ದಾಖಲಿಸಲಿಲ್ಲ.

ಅವನು ಬರೆದದ್ದು ಇಷ್ಟು: 'ದುರುಗವ್ವ, ಮೂವತ್ತೊಂದು ವರ್ಷ ಮೊದಲ ಹಿಟ್ಟು ನೀ ತಿಂದಿ. ಖಾರ ಐತೇನು ಅಂತ ನಾ ಒಮ್ಮೆನೂ ಕೇಳಲಿಲ್ಲ. ಈಗ ನಾ ತಿಂತೀನಿ. ಭಾಳ ಖಾರ ಐತಿ. ತಪ್ಪಾತು.'

ಭವ್ಯ ಬೆರಳಿಟ್ಟು ಎಣಿಸಿದಳು. ಸರಿಯಾಗಿ ಇಪ್ಪತ್ತು. ಫಾರಂ ಹಸಿರಾಯಿತು.

ಗಲ್ಲಾದೊಳಗೆ ದುರುಗವ್ವನ ಮೊಬೈಲು ಗುಂಯ್ ಅಂದಿತು. ಕ್ಷಮಾಪಣೆ ಅವಳಿಗೆ ಮುಟ್ಟಿತ್ತು.

ಉತ್ತರಕ್ಕೆ ಎರಡು ದಿನ ಕಾಯಬೇಕಿತ್ತು. ಗಾದಿಲಿಂಗಪ್ಪ ಕಾದ. ಆ ಎರಡು ದಿನದಲ್ಲಿ ಕಲ್ಲಿಗೆ ಉಳಿ ಹೊಡೆಸಿದ. ಚಿಲಕ ಹಾಗೇ ಇತ್ತು, ಅದರ ಬಗ್ಗೆ ದುರುಗವ್ವ ಏನೂ ಹೇಳಿರಲಿಲ್ಲ. ಮೂರನೇ ದಿನ ಉತ್ತರ ಬಂತು. ಚೆನ್ನಬಸಮ್ಮನ ಮೊಮ್ಮಗಳು ಓದಿದಳು.

'ಗ್ರಾಹಕರು ನಿಗದಿತ ಅವಧಿಯಲ್ಲಿ ಯಾವುದೇ ಆಕ್ಷೇಪಣೆ ಸಲ್ಲಿಸದ ಕಾರಣ, ತಮ್ಮ ಕ್ಷಮಾಪಣೆಯನ್ನು ಅವರು ಒಪ್ಪಿಕೊಂಡಿದ್ದಾರೆಂದು ಭಾವಿಸಿ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ನಾಳೆ ಬೆಳಿಗ್ಗೆ ಏಳಕ್ಕೆ ತಮ್ಮ ಸರದಿ ಇರುತ್ತದೆ. ಬರುವ ಮುನ್ನ ಹಲ್ಲುಜ್ಜಿಕೊಂಡು ಬನ್ನಿ.'

"ಒಪ್ಯಾಳಂತ," ಅಂದಳು ಚೆನ್ನಬಸಮ್ಮ.

"ಹೂಂ," ಅಂದ ಗಾದಿಲಿಂಗಪ್ಪ.

ಮರುದಿನ ಏಳಕ್ಕೆ ಐದು ನಿಮಿಷ ಇರುವಾಗ ಅವನು ಎರಡು ಸೇರು ಜೋಳ ತುಂಬಿದ ಡಬ್ಬಿಯನ್ನು ಸಾಲಿನ ಮುಂದೆ ಇಟ್ಟ. ಹಿತ್ತಲಿಗೆ ಹೋಗಿ ಹಲ್ಲುಜ್ಜಿಕೊಂಡು ಬಂದ. ಮೋಟರು ಹಾಕಿದ.