ಪರದೆಯ ಮೇಲೆ ವಿರಾಮ

ತಮ್ಮ: ನನ್ನ ಬಡ್ತಿ ಮಣ್ಣುಪಾಲಾಯ್ತು ಭಾವ! ನಿಮ್ಮ ಮಾತು ಕೇಳಿ ಮಣ್ಣುಪಾಲಾಯ್ತು!

ಭಾವ: ನಿಧಾನ, ನಿಧಾನ. ಮೊದಲು ಉಸಿರು ತಗೋ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು. ಅಂಗೈ ಬಿಚ್ಚಿರ್ಲಿ.

ತಮ್ಮ: ಬಿಚ್ಚಿದ್ರೆ ನಿಮ್ಮ ಕೆನ್ನೆಗೇ ಬೀಳತ್ತೆ!

ಕಂಪನಿಯೊಂದರ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ತಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಅಕ್ಕನ ಮನೆಯೊಳಗೆ ನುಗ್ಗಿದ್ದ. ಭಾವ ಅದೇ ಕಂಪನಿಯಲ್ಲಿ ನೌಕರರಿಗೆ ಮಾತಿನ ಕಲೆ ಕಲಿಸುವ ತರಬೇತುದಾರ. ಕುಡಿಯಲು ನೀರು ಕೇಳಬೇಕಾದರೂ ಪೀಠಿಕೆ ಹಾಕುವ ಆಸಾಮಿ.

ಅಕ್ಕ: (ಅಡುಗೆಮನೆಯಿಂದ ಬಂದು) ಏನಾಯ್ತೋ? ಇವತ್ತು ಮ್ಯಾನೇಜರ್ ಮುಂದೆ ಪ್ರೆಸೆಂಟೇಷನ್ ಇತ್ತಲ್ಲ?

ತಮ್ಮ: ಇತ್ತಕ್ಕ. ಪೆಟ್ಟಿಗೆ ಜೋಡಿಸೋದು ಹೇಗೆ ಅಂತ. ಚೆನ್ನಾಗಿ ಹೇಳಿದ್ರೆ ಮೇಲ್ವಿಚಾರಕನ ಕೆಲಸ. ‘ಭಾರದ ಪೆಟ್ಟಿಗೆ ಯಾವಾಗ್ಲೂ ಕೆಳಗೆ’ ಅಂದೆ. ಆಮೇಲೆ ‘ವಿರಾಮ’ ಅಂದೆ.

ಭಾವ: ಅಂದೆಯಾ? ಬಾಯಿಬಿಟ್ಟು ಅಂದೆಯಾ?

ತಮ್ಮ: ಮತ್ತೆ? ‘ಮುಖ್ಯವಾದ ಮಾತು ಆದ್ಮೇಲೆ ವಿರಾಮ ಹಾಕು’ ಅಂದೋರು ನೀವೇ ತಾನೆ? ಹಾಕಿದೆ. ಪರದೆ ತುಂಬ, ಕೆಂಪು ಅಕ್ಷರದಲ್ಲಿ!

ಭಾವ: ಅಯ್ಯೋ ಪೆದ್ದೇ! ವಿರಾಮ ಅಂದ್ರೆ ಒಂದು ಗಳಿಗೆ ಬಾಯಿ ಮುಚ್ಚೋದು ಕಣೋ!

ತಮ್ಮ: ನೀವು ಬಾಯಿ ಮುಚ್ಚಿದ್ದನ್ನ ನಾನು ಯಾವತ್ತು ನೋಡಿದ್ದೀನಿ, ಗೊತ್ತಾಗೋಕೆ? ಎಲ್ಲರೂ ದಡಬಡ ಎದ್ದು ಕ್ಯಾಂಟೀನಿಗೆ ಓಡಿದ್ರು. ಮ್ಯಾನೇಜರೇ ಎಲ್ಲರಿಗಿಂತ ಮುಂದೆ!

ಅಕ್ಕ: ವಾಪಸ್ ಬಂದ್ರಾ?

ತಮ್ಮ: ಎಲ್ಲಿ ಬರ್ತಾರೆ? ಉಳಿದಿದ್ದನ್ನೆಲ್ಲ ಖಾಲಿ ಕುರ್ಚಿಗಳಿಗೆ ಹೇಳಿ ಮುಗಿಸಿದೆ.

ಭಾವ: ಮುಗಿಸಿದೆಯಾ? ಭೇಷ್! ಇದನ್ನ ಸೋಲು ಅನ್ನಬಾರದು. ಇದು ಕಲಿಕೆಯ ಅನುಭವ.

ತಮ್ಮ: ಅನುಭವ ನನಗೆ, ಸಂಬಳ ನಿಮಗೆ. ಚೆನ್ನಾಗಿದೆ ಲೆಕ್ಕ!

ಅಕ್ಕನಿಗೆ ನಗು ಬಂತು. ತಮ್ಮನ ಮುಖ ನೋಡಿ ನುಂಗಿಕೊಂಡಳು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು.

ತಮ್ಮ: ಮ್ಯಾನೇಜರು! ಮುಗೀತು ನನ್ನ ಕಥೆ... ಹಲೋ ಸರ್, ತಪ್ಪಾಯ್ತು ಸರ್... ಹೌದಾ ಸರ್?... ನಾನಾ ಸರ್?... ಆಯ್ತು ಸರ್, ಆಯ್ತು.

ಫೋನ್ ಇಟ್ಟವನು ತೊಪ್ಪನೆ ಕುರ್ಚಿಯಲ್ಲಿ ಕುಸಿದ.

ಅಕ್ಕ: ಬೈದ್ರೇನೋ?

ತಮ್ಮ: ಇಲ್ಲಕ್ಕ. ‘ಈ ಕಂಪನಿಯಲ್ಲಿ ಮಾತು ಕೇಳಿ ಜನ ನಗ್ತಾ ಎದ್ದು ಹೋಗಿದ್ದು ಇದೇ ಮೊದಲು. ಭಾರದ ಪೆಟ್ಟಿಗೆ ಕೆಳಗೆ ಅನ್ನೋದು ಒಬ್ಬೊಬ್ಬರಿಗೂ ನೆನಪಿದೆ’ ಅಂದ್ರು. ಬಡ್ತಿ ಸಿಕ್ತು.

ಅಕ್ಕ: ಸದ್ಯ! ನನ್ನ ಹೊಟ್ಟೆ ತಣ್ಣಗಾಯ್ತು!

ಭಾವ: (ಎದೆಯುಬ್ಬಿಸಿ) ನೋಡಿದ್ಯಾ ನನ್ನ ತರಬೇತಿ?

ತಮ್ಮ: ಅದೂ... ತರಬೇತಿನೂ ಇನ್ಮೇಲೆ ನಾನೇ ಕೊಡ್ಬೇಕಂತೆ ಭಾವ.

ಭಾವ: ಹಾಂ? ಅದು ನನ್ನ ಕೆಲಸ! ಹಾಗಾದ್ರೆ ನಾನು?

ತಮ್ಮ: ಮುಂದಿನ ಸಾಲಲ್ಲಿ ಕೂತು ಕೇಳ್ಬೇಕಂತೆ.

ಭಾವ: ನಾನು? ಇವನ ಹತ್ರ? ಇವನೇನು ಕಲಿಸ್ತಾನೆ ನನಗೆ?

ಅಕ್ಕ: ಹೋಗಿ ಕೂತ್ಕೊಳ್ರೀ. ಮಾತು ನಿಲ್ಲಿಸೋದನ್ನ ಯಾರಾದ್ರೂ ನಿಮಗೆ ಕಲಿಸ್ಲಿ ಅಂತ ಮದುವೆಯಾದಾಗಿಂದ ಕಾಯ್ತಿದ್ದೀನಿ.