ಅತ್ತೆಯ ಹಾರ್ನು, ನಕ್ಷತ್ರದ ಬಣ್ಣ

ಇಡೀ ಶಿವಮೊಗ್ಗದಲ್ಲಿ ಪಾಠ ಹೇಳಲಿಕ್ಕೆಂದೇ ಹಾರ್ನ್ ಒತ್ತುವವರು ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ! ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆ ಸುದ್ದಿಯನ್ನು ಅವರ ಬಾಯಿಗೆ ಮಾತ್ರ ಯಾರೂ ಇನ್ನೂ ತಿಳಿಸಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಸವಳಂಗ ರಸ್ತೆಯ ಪಕ್ಕ ನಿಲ್ಲಿಸಿ, ಸ್ಕೂಟರಿನ ಹಾರ್ನ್ ಒತ್ತಿ ಹಿಡಿದು ನನ್ನೆದುರೇ ಹಾದುಹೋದರು. ಬರುವಾಗ ಕೀಚು ದನಿ, ದಾಟಿದೊಡನೆ ದಪ್ಪ ದನಿ. ಆಮೇಲೆ ಅವರು ನಿಂತು ಸೀಟಿ ಊದಿದರು, ನಾನು ಸ್ಕೂಟರಿನಲ್ಲಿ ಕೇಳುತ್ತಾ ಹಾದುಹೋದೆ. ಎಳನೀರಿನವನು ಮಚ್ಚು ಕೆಳಗಿಟ್ಟು ಕೇಳಿದ:

"ಮೇಡಂ, ಬ್ರೇಕ್ ಹೋಗಿದ್ಯಾ?"

"ಬ್ರೇಕ್ ಸರಿಯಾಗೇ ಇದೆ. ಗಾಳಿ ಏನು ಹೇಳುತ್ತೆ ಅಂತ ಕೇಳ್ತಿದ್ದೀವಿ."

ಅವನು ಮತ್ತೆ ಮಚ್ಚು ಎತ್ತಿಕೊಂಡ. ಅತ್ತೆ ನನ್ನ ಕಡೆ ತಿರುಗಿದರು:

"ಸದ್ದು ಗಾಳಿಯಲ್ಲಿ ಬರೋದು ಮಾರಾಯ. ಅದಕ್ಕೇ ಓಡಿದ್ದು ನಾನಾ, ನೀನಾ ಅಂತ ಸರಿಯಾಗಿ ಅಳೆದ್ರೆ ಗೊತ್ತಾಗುತ್ತೆ. ಬೆಳಕಿಗೆ ಗಾಳಿ ಬೇಡ, ಏನೂ ಬೇಡ. ನಕ್ಷತ್ರ ದೂರ ಆದ್ರೆ ಬಣ್ಣ ಕೆಂಪಿನ ಕಡೆ ಜರುಗುತ್ತೆ, ಹತ್ತಿರ ಬಂದ್ರೆ ನೀಲಿ ಕಡೆ. ಸರಿದಿದ್ದು ಅದಾ, ನಾವಾ? ಬೆಳಕು ಹೇಳಲ್ಲ. ಮಧ್ಯದ ದೂರ ಬೆಳೀತಿದೆ ಅಂತಷ್ಟೇ ಹೇಳುತ್ತೆ."

ನನಗೆ ಮೈ ಜುಮ್ಮೆಂದಿತು. ಯಾರೂ ಮುಟ್ಟಲಾರದ ನಕ್ಷತ್ರ ಎತ್ತ ಹೊರಟಿದೆ ಎಂದು ಅದರ ಬಣ್ಣ ನೋಡಿಯೇ ತಿಳಿಯಬಹುದೇ? ಅದನ್ನು ನಮ್ಮ ಗೋಪಾಳ ಬಡಾವಣೆಯ ಒಬ್ಬ ಹೆಂಗಸು ಸ್ಕೂಟರ್ ಒರಗಿ ನಿಂತು ಹೇಳಬಹುದೇ? ಆ ಕ್ಷಣ ಅವರ ಕಾಲಿಗೆ ಬೀಳಬೇಕೆನಿಸಿತ್ತು.

ಇಷ್ಟೆಲ್ಲ ತಿಳಿದವರಿಗೆ ಭದ್ರಾವತಿಯೊಂದು ತಿಳಿಯದು. ಅಲ್ಲಿರುವ ಅವರ ತಂಗಿ, ಅಂದರೆ ನನ್ನ ಚಿಕ್ಕತ್ತೆ, ಮತ್ತು ಇವರ ನಡುವೆ ಆರು ವರ್ಷದಿಂದ ಮಾತಿಲ್ಲ. ಕಾಯಿಲೆ ಬಿದ್ದ ಅಜ್ಜಿಯನ್ನು ಯಾರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಜಗಳ. "ದೂರ ಹೋಗಿದ್ದು ಅವಳು" ಎಂದು ಇವರು, "ಅಕ್ಕನೇ" ಎಂದು ಅವರು. ಬರುವ ಮಂಗಳವಾರ ಚಿಕ್ಕತ್ತೆಗೆ ಹೃದಯದ ಆಪರೇಷನ್ ಇತ್ತು; ಅತ್ತೆಗೂ ಅದು ಗೊತ್ತಿತ್ತು.

ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಅತ್ತೆ, ಸರಿದಿದ್ದು ಯಾರು ಅಂತ ಬೆಳಕೇ ಕೇಳಲ್ಲ. ನೀವ್ಯಾಕೆ ಕೇಳ್ತೀರಿ?"

ಅತ್ತೆ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದುಕೊಂಡರು. ಆಮೇಲೆ "ಹಿಂದೆ ಕೂತ್ಕೋ" ಎಂದರು. ಸ್ಕೂಟರ್ ನಿಂತದ್ದು ಭದ್ರಾವತಿಯಲ್ಲಿ, ಚಿಕ್ಕತ್ತೆಯ ಮನೆ ಮುಂದೆ.

ಬಾಗಿಲು ತೆಗೆದ ಚಿಕ್ಕತ್ತೆ, "ಈಗ ಯಾಕೆ ಬಂದೆ?" ಎಂದರು.

ಎಂಥ ಪ್ರಶ್ನೆಗೂ ಗಂಟೆಗಟ್ಟಲೆ ಉತ್ತರ ಕೊಡುವ ನಮ್ಮ ಅತ್ತೆ, "ನೋಡ್ಬೇಕು ಅನ್ನಿಸ್ತು ಕಣೇ" ಎಂದಷ್ಟೇ ಹೇಳಿ ಹೊಸ್ತಿಲಲ್ಲೇ ಅತ್ತುಬಿಟ್ಟರು. ಚಿಕ್ಕತ್ತೆ ಮುಂದೆ ಬಂದು, ಅಕ್ಕನ ಗಲ್ಲದ ಕೆಳಗೆ ಕೈ ಹಾಕಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದರು.

"ಒಳಗೆ ಬಾ ಅಕ್ಕ. ಮಂಗಳವಾರ ನೆನೆಸ್ಕೊಂಡ್ರೆ ನಂಗೆ ತುಂಬಾ ಹೆದರಿಕೆ ಆಗ್ತಿದೆ."